ಊರವರು ಪೂಜಿಸುವ ವೀರಗಲ್ಲು: ಅದರ ಅರ್ಥ ಯಾರದು?

ಹೊಂಗೆನೆರಳು:

ಎಲ್ಲರಿಗೂ ನಮಸ್ಕಾರ. ನಮ್ಮೂರಲ್ಲಿ ಒಂದು ಕಲ್ಲಿನ ವಿಷಯಕ್ಕೆ ಮಾತು ಎದ್ದಿದೆ. ಅದು ಈಗ ಮನೆಯೊಳಗೂ ಬಂದಿದೆ. ತಿಳಿದವರು ಹೇಳಲಿ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಊರು ತಿಪಟೂರು ಕಡೆ. ಕೆರೆ ಏರಿಯ ಕೆಳಗೆ ಎದೆಮಟ್ಟದ ಒಂದು ಚಪ್ಪಡಿ ನಿಂತಿದೆ. ಎಲ್ಲರೂ ವೀರಪ್ಪ ಅಂತಲೇ ಕರೆಯುವುದು. ಹಸು ಕರು ಹಾಕಿದರೆ ಮೊದಲ ಗಿಣ್ಣು ವೀರಪ್ಪನಿಗೆ. ದನಕ್ಕೆ ಕಾಯಿಲೆ ಬಂದರೆ ಅಲ್ಲಿಂದ ಅರಿಶಿನ ತಂದು ಹಣೆಗೆ ಹಚ್ಚುತ್ತಾರೆ. ನಮ್ಮ ಅಮ್ಮನದು ಇನ್ನೂ ಒಂದಿದೆ. ಹಸು ಮಾರುವಾಗ ಅದರ ಹಗ್ಗವನ್ನು ಕೊಂಡವರಿಗೆ ಕೊಡುವುದಿಲ್ಲ, ಅದು ನಮ್ಮ ಕಡೆ ರೂಢಿ. ಅಮ್ಮ ಆ ಹಗ್ಗವನ್ನು ಕೊಟ್ಟಿಗೆಯಲ್ಲೂ ಇಟ್ಟುಕೊಳ್ಳುವುದಿಲ್ಲ, ವೀರಪ್ಪನ ಬುಡದಲ್ಲಿ ಇಟ್ಟು ಬರುತ್ತಾರೆ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಊರಲ್ಲಿ ಬೇರೆ ಯಾರೂ ಹೀಗೆ ಮಾಡುವುದೂ ಇಲ್ಲ. ಕೇಳಿದರೆ "ಇನ್ನು ಅವನು ನೋಡಿಕೊಳ್ಳುತ್ತಾನೆ" ಅನ್ನುತ್ತಾರೆ, ಅಷ್ಟೇ.

ಈಚೆಗೆ ಶಾಸನ ಓದುವ ಹವ್ಯಾಸದವರು ಬಂದಿದ್ದರು. ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆದರು. ಹಗಲಲ್ಲಿ ಏನೂ ಕಾಣದ ಜಾಗದಲ್ಲಿ ದನಗಳ ಸಾಲು, ಬಿಲ್ಲು ಹಿಡಿದ ಒಬ್ಬ ಮನುಷ್ಯ, ಮೇಲೆ ಲಿಂಗ, ಎಲ್ಲ ಎದ್ದು ಕಂಡವು. ಎರಡು ಸಾಲು ಅಕ್ಷರವೂ ಇದೆ. ಅದರಲ್ಲಿ ತುರುಗೊಳ್ ಅನ್ನುವುದು ಸ್ಪಷ್ಟವಾಗಿದೆಯಂತೆ. ಅಂದರೆ ಊರ ದನ ಹೊಡೆದುಕೊಂಡು ಹೋಗುವವರ ಎದುರು ನಿಂತು ಸತ್ತವನ ಕಲ್ಲು. ಹೆಸರಿರುವ ಜಾಗ ಮಾತ್ರ ಪೂರ್ತಿ ಸವೆದುಹೋಗಿದೆ.

ಈಗ ಊರಲ್ಲಿ ಎರಡು ಗುಂಪು. ಓದಿದ ಹುಡುಗರು "ಇದು ದೇವರಲ್ಲ, ಸ್ಮಾರಕ. ಹಾಲು ಎಣ್ಣೆ ನಿಲ್ಲಿಸಿ" ಅನ್ನುತ್ತಿದ್ದಾರೆ. ಹಿರಿಯರಿಗೆ ಬೇಜಾರಾಗಿದೆ. ಇದರ ಮಧ್ಯೆ ಒಬ್ಬರು ಗುಡಿ ಕಟ್ಟಿಸಿ, ಟೈಲ್ಸ್ ಹಾಕಿಸಿ, ಕಲ್ಲಿಗೆ ಬಣ್ಣ ಹೊಡೆಸುತ್ತೇನೆ ಅಂತ ಹೊರಟಿದ್ದಾರೆ. ಅಮ್ಮ ಯಾರ ಹತ್ತಿರವೂ ವಾದ ಮಾಡುತ್ತಿಲ್ಲ. ಆದರೆ ಮೊನ್ನೆ ನನ್ನನ್ನು ಒಂದೇ ಒಂದು ಮಾತು ಕೇಳಿದರು: "ಹಾಗಾದರೆ ಇಷ್ಟು ದಿನ ನಾನು ಯಾರ ಹತ್ತಿರ ಮಾತಾಡಿದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಲ್ಲನ್ನು ನಿಲ್ಲಿಸಿದವರ ಅರ್ಥ ಗೊತ್ತಾದ ಮೇಲೆ ಅಮ್ಮನ ಅರ್ಥಕ್ಕೆ ಬೆಲೆ ಇಲ್ಲವಾ?

ಕಲ್ಲೋದು:

ನಿಮ್ಮ ಅಮ್ಮನಿಗೆ ದಯವಿಟ್ಟು ಹೇಳಿ, ಅವರು ಸರಿಯಾದವನ ಹತ್ತಿರವೇ ಮಾತಾಡಿದ್ದಾರೆ.

ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಹಂತ ಇರುತ್ತದೆ. ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗೆ ಹೋರಾಟ ಮತ್ತು ಸಾವು. ನಡುವೆ ಅಪ್ಸರೆಯರು ಅವನನ್ನು ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಿರುತ್ತಾರೆ. ಮೇಲಿನ ಹಂತದಲ್ಲಿ ಲಿಂಗ, ನಂದಿ, ಪೂಜೆ ಮಾಡುವವನು, ಪಕ್ಕದಲ್ಲಿ ಕೈಮುಗಿದು ಕೂತ ವೀರ. ಸತ್ತವನು ಜೈನನಾಗಿದ್ದರೆ ಅಲ್ಲಿ ಜಿನ ಇರುತ್ತಾನೆ. ತುದಿಯಲ್ಲಿ ಸೂರ್ಯ ಚಂದ್ರ, ಅವರಿರುವ ತನಕ ಇವನ ಹೆಸರೂ ಇರಲಿ ಅಂತ. ಎಲ್ಲವೂ ರಾಜರ ಯುದ್ಧದ ಕಲ್ಲುಗಳಲ್ಲ. ದನ ಬಿಡಿಸಲು ಹೋದವರು, ಊರಿಗೆ ಬೆಂಕಿ ಬಿದ್ದಾಗ ನಿಂತವರು, ಹೆಂಗಸರನ್ನು ಕಾಯಲು ಹೋದವರು, ಹುಲಿಯ ಜೊತೆ, ಹಂದಿಯ ಜೊತೆ ಹೋರಾಡಿ ಸತ್ತವರು, ಹೀಗೆ ಬಹಳ ಜನ ಸಾಮಾನ್ಯರೂ ಇದ್ದಾರೆ.

ಈಗ ಪೂಜೆಯ ವಿಷಯ. ಆತಕೂರು ಶಾಸನ ಗೊತ್ತಿರಬೇಕು. ಮದ್ದೂರು ತಾಲೂಕಿನದು, 949-50ರ ಕಾಲದ್ದು, ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ಮತ್ತು ಗಂಗರ ಬೂತುಗ ತಕ್ಕೋಲದಲ್ಲಿ ಚೋಳರ ಮೇಲೆ ಗೆದ್ದ ಸಮಯ. ಮಣಲೇರ ಅನ್ನುವ ವೀರನ ಶೌರ್ಯಕ್ಕೆ ಮೆಚ್ಚಿ ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಆಮೇಲೆ ಆ ನಾಯಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿ, ಎರಡೂ ಒಟ್ಟಿಗೆ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಅಷ್ಟೇ ಅಲ್ಲ, ಅಲ್ಲಿನ ಗೊರವ, ಅಂದರೆ ಶೈವ ಪೂಜಾರಿ, ಆ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ಅವನಿಗೆ ಪಾಪ ಅಂತ ಬರೆಸಿದರು.

ಅಂದರೆ ಸ್ಮಾರಕ, ದೇವರು ಅಂತ ನಾವು ಹಾಕುವ ಗೆರೆ ಕಲ್ಲು ನಿಲ್ಲಿಸಿದವರಿಗೆ ಅಷ್ಟು ಮುಖ್ಯವಾಗಿರಲಿಲ್ಲ. ದಿನಾ ಬಂದು ಒಂದಿಷ್ಟು ಗಮನ ಕೊಡಿ ಅನ್ನುವುದು ಅವರ ಆಸೆ. ನಿಮ್ಮ ಊರವರು ಮಾಡುತ್ತಿರುವುದೂ ಅದನ್ನೇ. ದನಕ್ಕಾಗಿ ಸತ್ತವನ ಹತ್ತಿರ ಹೋಗಿ ಮಾರಿದ ಹಸುವಿನ ಹಗ್ಗ ಇಟ್ಟು "ನೋಡಿಕೋ" ಅನ್ನುವುದಿದೆಯಲ್ಲ, ಕಲ್ಲಿನ ಮೇಲಿನ ಚಿತ್ರ ಕಾಣದೆಯೇ ಅವರು ಅದಕ್ಕೆ ಇಷ್ಟು ಹತ್ತಿರ ಬಂದಿದ್ದಾರೆ. ನನಗೆ ಓದಿ ಮೈ ಜುಮ್ಮೆಂದಿತು.

ಏರಿಮೇಲಿನವ:

ಭಾವನೆ ಸರಿ, ಆದರೆ ನಾನು ಹುಡುಗರ ಪಕ್ಷ. ಆ ಕಲ್ಲಿನ ಮೇಲೆ ಹೆಸರು ಯಾಕೆ ಉಳಿದಿಲ್ಲ? ವರ್ಷಗಟ್ಟಲೆ ಎಣ್ಣೆ, ಅರಿಶಿನ, ತೆಂಗಿನಕಾಯಿ ನೀರು, ಉಜ್ಜಿ ತೊಳೆಯುವುದು. ಇದರಲ್ಲಿ ಅವನ ಹೆಸರೇ ಹೋಯಿತು. ಅವನ ಮನೆಯವರು ಏನು ಉಳಿಯಲಿ ಅಂತ ಕೆತ್ತಿಸಿದರೋ ಅದನ್ನೇ ನಾವು ಅಳಿಸಿಬಿಟ್ಟೆವು. "ನನಗೆ ಅದು ಹೀಗೆ ಕಾಣುತ್ತದೆ, ಅದೇ ನನ್ನ ಅರ್ಥ" ಅಂತ ಎಲ್ಲರೂ ಹೇಳುತ್ತಾ ಹೋದರೆ ಸತ್ತವನ ಮಾತು ಯಾರು ಕೇಳಬೇಕು?

ಬೆಂಗಳೂರು ಅನ್ನುವ ಹೆಸರು ಎಷ್ಟು ಹಳೆಯದು ಅಂತ ನಮಗೆ ಗೊತ್ತಾಗಿದ್ದೇ ಬೇಗೂರಿನ ಶಾಸನದಿಂದ. ಸುಮಾರು 890ರದು. ಅದರಲ್ಲಿ ಬೆಂಗುಳೂರ ಕಾಳಗದ ಮಾತಿದೆ. ಆ ಅಕ್ಷರಗಳೂ ಜಿಡ್ಡಿನಡಿ ಹೋಗಿದ್ದರೆ?

ಕಲ್ಲೋದು:

ಏರಿಮೇಲಿನವರೇ, ನಿಮ್ಮ ಮಾತಿನಲ್ಲಿ ನಿಜ ಇದೆ. ಆದರೆ ಇನ್ನೊಂದು ಕಡೆಯನ್ನೂ ನೋಡಿ. ಪೂಜೆ ಇಲ್ಲದ ಕಲ್ಲುಗಳ ಗತಿ ಏನಾಗಿದೆ? ಬಟ್ಟೆ ಒಗೆಯುವ ಕಲ್ಲಾಗಿವೆ, ಚರಂಡಿಯ ಮೇಲಿನ ಹಾಸುಗಲ್ಲಾಗಿವೆ, ರಸ್ತೆ ಅಗಲ ಮಾಡುವಾಗ ಜೆಸಿಬಿ ಬಾಯಿಗೆ ಹೋಗಿವೆ. ಹೆಬ್ಬಾಳದ ಕಿತ್ತಯ್ಯನ ಕಲ್ಲು ಸುಮಾರು 750ರದು. ಬೆಂಗಳೂರಿನಲ್ಲಿ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಎಲ್ಲಕ್ಕಿಂತ ಹಳೆಯದು. ಅದು ಜನರ ಕಣ್ಣಿಗೆ ಬಿದ್ದದ್ದು ಈಚೆಗೆ, 2018ರಲ್ಲಿ. ಅದೃಷ್ಟ ಚೆನ್ನಾಗಿತ್ತು, ಅಕ್ಕಪಕ್ಕದವರು ಕಾಳಜಿ ತೋರಿಸಿದರು, ಈಗ ಅದಕ್ಕೊಂದು ಮಂಟಪ ಇದೆ. ಎಲ್ಲ ಕಲ್ಲಿಗೂ ಆ ಅದೃಷ್ಟ ಇಲ್ಲ.

ಹೊಂಗೆನೆರಳು ಅವರ ಊರಿನ ಕಲ್ಲಿನಲ್ಲಿ ಹೆಸರು ಹೋಗಿದೆ, ಕಲ್ಲು ಉಳಿದಿದೆ. ಉಳಿಸಿದ್ದು ಆ ಗಿಣ್ಣು, ಆ ಅರಿಶಿನ.

ಉಳಿಪೆಟ್ಟು:

ನಾನು ಶಿವಾರಪಟ್ಟಣದವನು. ಮಾಲೂರು ತಾಲೂಕು. ನಮ್ಮೂರಲ್ಲಿ ಕಲ್ಲಿನ ಕೆಲಸದವರೇ ಜಾಸ್ತಿ. ಇಷ್ಟು ಮಾತಾದ ಮೇಲೆ ಕೆತ್ತುವವರ ಕಡೆಯಿಂದ ಒಂದು ಮಾತು.

ನಾನು ನಾಗರಕಲ್ಲು ಬಹಳ ಮಾಡಿದ್ದೇನೆ. ಹೆಣೆದುಕೊಂಡ ಎರಡು ಹಾವು, ನಡುವೆ ಸಣ್ಣ ಲಿಂಗ, ಅಥವಾ ಏಳು ಹೆಡೆ. ಅಳತೆ ಇದೆ, ಲಕ್ಷಣ ಇದೆ, ಅದು ತಪ್ಪಬಾರದು. ಆದರೆ ಕೊಳ್ಳಲು ಬರುವವರು ನೋಡುವುದು ಅಳತೆಯನ್ನಲ್ಲ. ಮಕ್ಕಳಿಲ್ಲದ ಗಂಡ ಹೆಂಡತಿ ಬರುತ್ತಾರೆ. ಸಾಲಾಗಿ ನಿಲ್ಲಿಸಿದ ಕಲ್ಲುಗಳ ಮುಂದೆ ನಡೆಯುತ್ತಾರೆ. ಎಲ್ಲವೂ ಒಂದೇ ತರ ಇರುತ್ತವೆ, ಆದರೂ ಯಾವುದೋ ಒಂದರ ಮುಂದೆ ನಿಲ್ಲುತ್ತಾರೆ. ಅದೇ ಬೇಕು ಅನ್ನುತ್ತಾರೆ. ಪಕ್ಕದ್ದರಲ್ಲಿ ಕೆಲಸ ಇನ್ನೂ ನಯವಾಗಿದೆ ಅಂದರೂ ಕೇಳುವುದಿಲ್ಲ. ಒಬ್ಬ ತಾಯಿ ಬಂದಿದ್ದರು. ಹುಟ್ಟಿದ ಕೆಲವೇ ದಿನಕ್ಕೆ ಮಗು ಹೋಗಿತ್ತಂತೆ. ಅವರು ಆರಿಸಿದ ಕಲ್ಲಿನಲ್ಲಿ ಒಂದು ಹಾವಿನ ಬಾಲದ ಹತ್ತಿರ ಸಣ್ಣ ಬಿಳಿ ಚುಕ್ಕೆ ಇತ್ತು. ನಮಗೆ ಅದು ಕಲ್ಲಿನ ದೋಷ. ಅವರು ಅದರ ಮೇಲೆ ಬೆರಳಿಟ್ಟು ಬಹಳ ಹೊತ್ತು ನಿಂತರು. ಯಾಕೆ ಅಂತ ನಾನು ಕೇಳಲಿಲ್ಲ. ಕೇಳಬಾರದು.

ನಾವು ಕೊನೆಗೆ ಕಣ್ಣು ಬಿಡಿಸುತ್ತೇವೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಆಮೇಲೆ ಅದು ತಗೊಂಡು ಹೋದವರದು. ನನಗೆ ಅದರಲ್ಲಿ ನೋವೇನೂ ಇಲ್ಲ. ಆದರೆ ಕೆತ್ತಿದ್ದರ ಮೇಲೆ ಪೇಂಟ್ ಬಳಿದರೆ ಮಾತ್ರ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ. ಬಣ್ಣ ಗೆರೆಯನ್ನು ತುಂಬಿಬಿಡುತ್ತದೆ. ಮೂಗು ಬಾಯಿ ಎಲ್ಲ ಒಂದಾಗಿಬಿಡುತ್ತದೆ. ಹೊಂಗೆನೆರಳು, ಆ ಗುಡಿ ಕಟ್ಟಿಸುವವರನ್ನು ಹೇಗಾದರೂ ಒಪ್ಪಿಸಿ ತಡೆಯಿರಿ.

ತುಂಗೆಮಗಳು:

ಎಲ್ಲರೂ ವೀರಗಲ್ಲಿನ ಬಗ್ಗೆ ಬರೆಯುತ್ತಿದ್ದೀರಿ. ನಾನು ಮಾಸ್ತಿಕಲ್ಲಿನ ಬಗ್ಗೆ ಕೇಳಬೇಕು. ಅಲ್ಲಿ ಈ "ಅವರವರ ಅರ್ಥ" ಅನ್ನುವ ಮಾತು ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ನಮ್ಮ ಅಜ್ಜಿಯ ಊರು ಶಿಕಾರಿಪುರದ ಕಡೆ. ಊರ ಬಾಗಿಲಲ್ಲಿ ಒಂದು ಕಲ್ಲಿದೆ. ಕಂಬದಿಂದ ಹೊರಗೆ ಚಾಚಿ ಮೊಣಕೈ ಬಳಿ ಮಡಚಿ ಮೇಲೆತ್ತಿದ ಒಂದು ಕೈ, ಅಂಗೈ ತೆರೆದಿದೆ, ತುಂಬ ಬಳೆ. ಮದುವೆ ಗೊತ್ತಾದ ಹುಡುಗಿಯರು ಅಲ್ಲಿ ಬಳೆ ಇಟ್ಟು ಬರಬೇಕು. ಮಾಸ್ತಮ್ಮ ಮುತ್ತೈದೆತನ ಕಾಯುತ್ತಾಳೆ ಅಂತ. ನನ್ನ ಅಕ್ಕ ಇಟ್ಟಳು. ನನ್ನ ಸರದಿ ಬಂದಾಗ ಆ ಕೈ ಏನು ಅಂತ ನನಗೆ ಗೊತ್ತಿತ್ತು. ಗಂಡ ಸತ್ತ ಮೇಲೆ ಬೆಂಕಿಗೆ ಹೋದ ಹೆಂಗಸಿನ ಕೈ. ಬಳೆ ಒಡೆಯಲಿಲ್ಲ, ಮುತ್ತೈದೆಯಾಗಿಯೇ ಹೋದಳು ಅಂತ ಹೇಳುವ ಕೈ. ನಾನು ಇಡಲಿಲ್ಲ. ಮನೆಯಲ್ಲಿ ದೊಡ್ಡ ಜಗಳವಾಯಿತು.

ಹೆಗ್ಗಡದೇವನಕೋಟೆ ತಾಲೂಕಿನ ಬೆಳತೂರಿನಲ್ಲಿ 1057ರ ಒಂದು ಶಾಸನ ಇದೆ. ದೇಕಬ್ಬೆ ಅನ್ನುವವಳದು. ಅವಳ ಗಂಡ ಏಚನನ್ನು ರಾಜ ಕೊಲ್ಲಿಸಿದ. ಸುದ್ದಿ ಕೇಳಿ ಅವಳು ಬೆಂಕಿಗೆ ಹೋಗಲು ಹೊರಟಳು. ಹೆತ್ತವರು ಬೇಡ ಬೇಡ ಅಂದರು. ಅವಳು ಕೇಳಲಿಲ್ಲ. ಶಾಸನ ಅದನ್ನು ಎಷ್ಟು ಚೆಂದದ ಪದ್ಯದಲ್ಲಿ ಹೇಳುತ್ತದೆ ಅಂದರೆ ಮೊದಲ ಸಲ ಓದುವಾಗ ಕಣ್ಣಲ್ಲಿ ನೀರು ಬಂತು. ಆಮೇಲೆ ಸಿಟ್ಟು ಬಂತು. ಪದ್ಯ ಚೆನ್ನಾಗಿದೆ ಅಂತ ನಾನು ಏನನ್ನು ಒಪ್ಪಿಕೊಂಡುಬಿಟ್ಟೆ ಅಂತ.

ಇಲ್ಲಿ ಯಾರಾದರೂ "ನನಗೆ ಆ ಕೈ ಆಶೀರ್ವಾದ ಮಾಡುವ ಕೈ" ಅಂದರೆ ನಾನು ಸುಮ್ನೆ ಇರಬೇಕಾ?

ನೆರಳುಬೆಳಕು:

ಇರಬೇಡಿ. ಆದರೆ ಒಂದು ಅನುಭವ ಹೇಳುತ್ತೇನೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ನಾನು ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ಮಕ್ಕಳನ್ನು ಕರೆದುಕೊಂಡು ಹೋಗಿ ಊರಿನ ಕಲ್ಲುಗಳನ್ನು ನೋಡಿ ಚಿತ್ರ ಬರೆಸುತ್ತೇನೆ. ಏನು ಎತ್ತ ಅಂತ ಮೊದಲೇ ಹೇಳುವುದಿಲ್ಲ. ಒಂದು ಮಾಸ್ತಿಕಲ್ಲಿನ ಮುಂದೆ ಕೂರಿಸಿದ್ದೆ. ಬರೆದಾದ ಮೇಲೆ ಈ ಕೈ ಏನು ಹೇಳುತ್ತಿದೆ ಅಂತ ಕೇಳಿದೆ. ಹುಡುಗರು ಹೆಚ್ಚಿನವರು ಆಶೀರ್ವಾದ ಅಂದರು. ಒಬ್ಬಳು "ನಿಲ್ಲಿ ಅನ್ನುತ್ತಿದ್ದಾಳೆ" ಅಂದಳು. ಇನ್ನೊಬ್ಬಳು, ಯಾವಾಗಲೂ ಹಿಂದಿನ ಬೆಂಚಿನಲ್ಲಿ ಕೂರುವವಳು, "ಅವಳಿಗೆ ಏನೋ ಕೇಳಬೇಕಾಗಿದೆ, ಕೈ ಎತ್ತಿದ್ದಾಳೆ, ಯಾರೂ ನೋಡುತ್ತಿಲ್ಲ" ಅಂದಳು.

ಆಮೇಲೆ ನಾನು ನಿಜ ಹೇಳಿದೆ. ತರಗತಿ ಪೂರ್ತಿ ಸುಮ್ಮನಾಯಿತು. ಕೈ ಎತ್ತಿದ್ದಾಳೆ ಅಂದ ಹುಡುಗಿ ತನ್ನ ಚಿತ್ರ ತಗೊಂಡು ಬಳೆಗಳನ್ನೆಲ್ಲ ಇನ್ನೂ ಕಪ್ಪಾಗಿ ತಿದ್ದಿದಳು. ಯಾಕೆ ಅಂದರೆ "ಇಷ್ಟು ಬಳೆ ಇದ್ದೂ" ಅಂದಳು, ಮುಂದೆ ಹೇಳಲಿಲ್ಲ. ನನಗೆ ಅನ್ನಿಸಿದ್ದು ಇಷ್ಟು. ಇತಿಹಾಸ ಗೊತ್ತಾದಾಗ ಅವಳ ಅರ್ಥ ಸಾಯಲಿಲ್ಲ, ಇನ್ನೂ ಗಟ್ಟಿಯಾಯಿತು. ಮೊದಲು ಇತಿಹಾಸ ಹೇಳಿ ಆಮೇಲೆ ಚಿತ್ರ ಬರೆಸಿದ್ದರೆ ನನಗೆ ಸಿಗುತ್ತಿದ್ದದ್ದು ಎಲ್ಲರದೂ ಒಂದೇ ಉತ್ತರ.

ತುಂಗೆಮಗಳು:

ಆ ಹುಡುಗಿಗೆ ನನ್ನದೊಂದು ಪ್ರೀತಿ ತಿಳಿಸಿ. ಅವಳು ಹೇಳಿದ್ದು ನನಗೆ ಎಷ್ಟೋ ಪುಸ್ತಕಗಳಿಗಿಂತ ದೊಡ್ಡದು.

ಆದರೆ ನೀವು ನಿಜ ಹೇಳಿದಿರಿ, ಅದು ಮುಖ್ಯ. ನಮ್ಮ ಅಜ್ಜಿಯ ಊರಲ್ಲಿ ಯಾರೂ ಹೇಳುವುದಿಲ್ಲ. ಅಲ್ಲಿ ನನ್ನ ತಕರಾರು ಪೂಜೆಯ ಬಗ್ಗೆ ಅಲ್ಲ. ಇಂದಿಗೂ ಹುಡುಗಿಯರಿಗೆ ಗಂಡನಿಗಿಂತ ಮೊದಲು ಹೋಗುವುದೇ ಭಾಗ್ಯ ಅಂತ ಹೇಳಿಕೊಡಲು ಆ ಕಲ್ಲು ಬಳಕೆಯಾಗುತ್ತಿದೆ. 1987ರಲ್ಲಿ ಕಾನೂನು ಬಂತು, ಸತಿಯನ್ನು ವೈಭವೀಕರಿಸುವುದೂ ಅಪರಾಧ. ಹಳೆಯ ಕಲ್ಲು ಒಡೆಯಿರಿ ಅಂತ ನಾನು ಹೇಳುತ್ತಿಲ್ಲ. ಒಡೆದರೆ ಅವಳು ಎರಡನೇ ಸಲ ಸತ್ತಂತೆ. ಅವಳಿಗೆ ಏನಾಯಿತು ಅಂತ ಹೇಳಿ ಅನ್ನುತ್ತಿದ್ದೇನೆ.

ದೂರದಊರು:

ನಾನು ಅಮೆರಿಕದಲ್ಲಿ, ವಾಷಿಂಗ್ಟನ್ ಹತ್ತಿರ ಇರುವವಳು. ಊರು ಬೆಂಗಳೂರು. ನಿಮ್ಮ ಮಾತುಗಳನ್ನೆಲ್ಲ ಓದುತ್ತಾ ಇಲ್ಲಿನ ಒಂದು ಗೋಡೆ ಪದೇ ಪದೇ ನೆನಪಾಗುತ್ತಿದೆ. ಅದು ಒಂದು ಅರ್ಥದಲ್ಲಿ ನಮ್ಮ ಕಲ್ಲೇ.

ವಿಯೆಟ್ನಾಂ ಯುದ್ಧದಲ್ಲಿ ಸತ್ತವರ ಸ್ಮಾರಕ. 1982ರಲ್ಲಿ ಆಯಿತು. ನೆಲವನ್ನು ಕೊರೆದು ಒಳಗಿಳಿಸಿದ ಎರಡು ಉದ್ದದ ಕರಿ ಗೋಡೆ, ನಡುವೆ ಕೋನದಲ್ಲಿ ಕೂಡುತ್ತವೆ. ಅದರ ಮೇಲೆ 58,000ಕ್ಕೂ ಹೆಚ್ಚು ಹೆಸರು. ಬೇರೆ ಏನೂ ಇಲ್ಲ, ಬಾವುಟ ಇಲ್ಲ, ಕುದುರೆ ಇಲ್ಲ, ಕತ್ತಿ ಇಲ್ಲ. ಆ ಕಪ್ಪು ಗ್ರಾನೈಟ್ ಬಂದದ್ದು ಬೆಂಗಳೂರಿನಿಂದ. ಕನ್ನಡಿಯ ಹಾಗೆ ಹೊಳಪು ಬರುವ ಕಲ್ಲು ಬೇಕಿತ್ತು, ಅದಕ್ಕೆ. ವಿನ್ಯಾಸ ಮಾಡಿದ ಮಾಯಾ ಲಿನ್‌ಗೆ ಸ್ಪರ್ಧೆ ಗೆದ್ದಾಗ 21 ವರ್ಷ, ಇನ್ನೂ ಓದುತ್ತಿದ್ದಳು. 1,421 ವಿನ್ಯಾಸ ಬಂದಿದ್ದವು. ಗೆದ್ದ ಮೇಲೆ ಎಷ್ಟು ವಿರೋಧ ಬಂತು ಅಂದರೆ, ವೀರರಿಗೆ ಇದು ಅವಮಾನ, ನೆಲದ ಮೇಲಿನ ಕಪ್ಪು ಗಾಯ ಅಂತೆಲ್ಲ ಅಂದರು. ಅವರ ಸಮಾಧಾನಕ್ಕೆ 1984ರಲ್ಲಿ ಮೂರು ಸೈನಿಕರ ಕಂಚಿನ ಪ್ರತಿಮೆಯನ್ನು ಪಕ್ಕದಲ್ಲಿ ನಿಲ್ಲಿಸಬೇಕಾಯಿತು.

ಈಗ ಹೋಗಿ ನೋಡಿದರೆ ಜನ ಗೋಡೆಯ ಮುಂದೆಯೇ ನಿಂತಿರುತ್ತಾರೆ. ಹೆಸರುಗಳು ಅಕ್ಷರಮಾಲೆಯ ಪ್ರಕಾರ ಇಲ್ಲ, ಸಾವಿನ ದಿನದ ಪ್ರಕಾರ ಇವೆ. ಒಂದೇ ದಿನ ಒಟ್ಟಿಗೆ ಹೋದವರು ಕಲ್ಲಿನ ಮೇಲೂ ಅಕ್ಕಪಕ್ಕ. ಹೆಸರಿನ ಪಕ್ಕ ಸಣ್ಣ ವಜ್ರಾಕಾರ ಇದ್ದರೆ ಸಾವು ಖಚಿತ. ಶಿಲುಬೆಯಂಥ ಗುರುತಿದ್ದರೆ ಪತ್ತೆಯಾಗಿಲ್ಲ ಅಂತ. ಆಮೇಲೆ ಅವಶೇಷ ಸಿಕ್ಕಿ ಖಚಿತವಾದರೆ ಆ ಗುರುತಿನ ಮೇಲೆಯೇ ವಜ್ರ ಕೆತ್ತುತ್ತಾರೆ. ಒಂದು ವೇಳೆ ಯಾರಾದರೂ ಜೀವಂತ ಬಂದರೆ ಸುತ್ತ ಒಂದು ವೃತ್ತ ಕೆತ್ತಬೇಕು ಅಂತಲೂ ಮೊದಲೇ ತೀರ್ಮಾನಿಸಿದ್ದರು. ಆ ವೃತ್ತ ಕೆತ್ತುವ ದಿನ ಬರಲೇ ಇಲ್ಲ.

ಜನ ಹೆಸರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಲ್ಲಿ ಉಜ್ಜಿ ಅಚ್ಚು ತಗೊಂಡು ಹೋಗುತ್ತಾರೆ. ಗೋಡೆಯ ಬುಡದಲ್ಲಿ ವಸ್ತು ಇಟ್ಟು ಹೋಗುತ್ತಾರೆ. ಬೂಟು, ಪತ್ರ, ಮಕ್ಕಳ ಆಟಿಕೆ, ಪದಕ. ಹಾಗೆ ಮಾಡಿ ಅಂತ ಯಾರೂ ಬೋರ್ಡ್ ಹಾಕಿರಲಿಲ್ಲ, ಜನರೇ ಶುರು ಮಾಡಿದ್ದು. ಹೂವಿನಂಥವು ಬಿಟ್ಟು ಉಳಿದದ್ದನ್ನು ಅಲ್ಲಿನ ಉದ್ಯಾನ ಇಲಾಖೆಯವರು ಜೋಪಾನವಾಗಿ ಎತ್ತಿಡುತ್ತಾರೆ. ಹೊಂಗೆನೆರಳು, ನಿಮ್ಮ ಅಮ್ಮನ ಹಗ್ಗದ ವಿಷಯ ಓದಿದಾಗ ನನಗೆ ಮೊದಲು ಕಂಡದ್ದು ಆ ಬೂಟುಗಳು.

ಈಗ ನನ್ನ ವಿಷಯ. ಕೋವಿಡ್ ಸಮಯದಲ್ಲಿ ನನ್ನ ಅಪ್ಪ ಬೆಂಗಳೂರಿನಲ್ಲಿ ಹೋದರು. ವಿಮಾನ ಇರಲಿಲ್ಲ. ಫೋನಿನಲ್ಲಿ ನೋಡಿದೆ, ಅಷ್ಟೇ. ಎಷ್ಟೋ ತಿಂಗಳು ಅಳು ಬರಲಿಲ್ಲ. ಒಂದು ದಿನ ನೆಂಟರನ್ನು ಸುತ್ತಾಡಿಸಲು ಅಲ್ಲಿಗೆ ಹೋದಾಗ ಗೋಡೆಯ ಹೆಸರುಗಳ ಮೇಲೆ ನನ್ನ ಮುಖ ಕಂಡಿತು. ಈ ಕಲ್ಲು ಊರಿನದು ಅಂತ ನೆನಪಾಯಿತು. ಕೈ ಇಟ್ಟೆ. ಬಿಸಿಲಿಗೆ ಬೆಚ್ಚಗಿತ್ತು. ಅಲ್ಲೇ ಅತ್ತುಬಿಟ್ಟೆ. ಪಕ್ಕದಲ್ಲಿ ಒಬ್ಬ ಅಜ್ಜ ತನ್ನ ಗೆಳೆಯನ ಹೆಸರು ಉಜ್ಜಿಕೊಳ್ಳುತ್ತಿದ್ದವರು ನನಗೆ ಜಾಗ ಬಿಟ್ಟು ಸರಿದು ನಿಂತರು.

ನನಗೂ ಆ ಯುದ್ಧಕ್ಕೂ ಏನೂ ಸಂಬಂಧ ಇಲ್ಲ. ಅಲ್ಲಿರುವ ಯಾವ ಹೆಸರೂ ನನ್ನವರದ್ದಲ್ಲ. ಅವರ ದುಃಖದ ಜಾಗವನ್ನು ನಾನು ಬಳಸಿಕೊಂಡೆನಾ ಅಂತ ಆಮೇಲೆ ಕೆಲವು ದಿನ ಯೋಚಿಸಿದೆ. ಈಗ ಹಾಗನ್ನಿಸುವುದಿಲ್ಲ. ಆದರೆ ಅಂದಿನಿಂದ ನಾನು ಅಲ್ಲಿಗೆ ಹೋದಾಗಲೆಲ್ಲ ಅಪ್ಪನನ್ನು ನೆನೆಯುವ ಮೊದಲು ಒಂದಷ್ಟು ಹೆಸರನ್ನು ನಿಧಾನವಾಗಿ ಓದುತ್ತೇನೆ. ಅದು ನಾನು ಕೊಡಬೇಕಾದದ್ದು ಅನ್ನಿಸುತ್ತದೆ.

ಏರಿಮೇಲಿನವ:

ಕೊನೆಯ ಮಾತು ಬಹಳ ಸರಿ. ನಾನು ಹೇಳಬೇಕಾದದ್ದನ್ನು ನೀವು ನನಗಿಂತ ಚೆನ್ನಾಗಿ ಹೇಳಿದಿರಿ. ನಮ್ಮ ನೋವು ನಲಿವು ತಗೊಂಡು ಹೋಗೋಣ, ಆದರೆ ಅಲ್ಲಿ ಮೊದಲೇ ಇರುವವನ ಹೆಸರು ಓದೋಣ. ಹೆಸರು ಹೋಗಿದ್ದರೆ ಅವನು ಏನು ಮಾಡಿ ಸತ್ತ ಅನ್ನುವುದನ್ನಾದರೂ ತಿಳಿಯೋಣ.

ಬೆಟ್ಟದಮೆಟ್ಟಿಲು:

ಶ್ರವಣಬೆಳಗೊಳದ ಕಡೆಯವನು ನಾನು. ಎಲ್ಲರೂ ದೊಡ್ಡ ಬೆಟ್ಟಕ್ಕೆ ಹೋಗುತ್ತಾರೆ, ಚಿಕ್ಕ ಬೆಟ್ಟಕ್ಕೆ, ಅಂದರೆ ಚಂದ್ರಗಿರಿಗೆ, ಹೋಗುವವರು ಕಡಿಮೆ. ಅಲ್ಲಿ ಬಂಡೆಯ ಮೇಲೆಯೇ ನಿಸಿದಿ ಶಾಸನಗಳಿವೆ. ಸಲ್ಲೇಖನ ವ್ರತ ಹಿಡಿದು, ಅಂದರೆ ಜೈನರ ರೀತಿಯಲ್ಲಿ ಅನ್ನ ನೀರು ಬಿಟ್ಟು, ದೇಹ ಬಿಟ್ಟವರವು. ಸುಮಾರು 700ರ ಕಾಲದ ಒಂದು ಶಾಸನ ನಂದಿಸೇನ ಅನ್ನುವ ಮುನಿಯದು. ರೂಪ, ಸಂಪತ್ತು, ವೈಭವ ಎಲ್ಲ ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ತೋರಿ ಬೇಗ ಹೋಗುತ್ತವೆ, ಇದು ಯಾರಿಗೆ ಸ್ಥಿರ ಅಂತ ಪದ್ಯ.

ನಾನು ಜೈನನಲ್ಲ, ವ್ರತದ ಬಗ್ಗೆ ಹೆಚ್ಚು ತಿಳಿಯದು. ಬೆಳಗಿನ ಹೊತ್ತು ಹೋದರೆ ಆ ಬಂಡೆಯ ಮೇಲೆ ನಿಜವಾಗಿಯೂ ಮಂಜು ಇರುತ್ತದೆ. ವ್ಯಾಪಾರದಲ್ಲಿ ಎಲ್ಲ ಕಳೆದುಕೊಂಡ ಸಮಯದಲ್ಲಿ ಅಲ್ಲಿ ಹೋಗಿ ಕೂರುತ್ತಿದ್ದೆ. ಮುನಿ ಅದನ್ನು ಬಿಟ್ಟುಕೊಡಲು ತಯಾರಾದವರಿಗೆ ಹೇಳಿದ್ದು. ನಾನು ಏನನ್ನೂ ಬಿಟ್ಟವನಲ್ಲ, ನನ್ನಿಂದ ಕಿತ್ತುಕೊಂಡು ಹೋಗಿತ್ತು. ಆದರೂ ಅದು ನನಗೆ ಹತ್ತಿತು. 1,300 ವರ್ಷದ ಹಿಂದಿನ ಕನ್ನಡ ನನ್ನನ್ನು ಹಾಸಿಗೆಯಿಂದ ಎಬ್ಬಿಸಿತು ಅಂದರೆ ನಂಬುತ್ತೀರಾ?

ಪಿನಾಕಿನಿ:

ಉಳಿಪೆಟ್ಟು ಅವರು ನಾಗರಕಲ್ಲಿನ ಬಗ್ಗೆ ಬರೆದದ್ದಕ್ಕೆ ಒಂದು ಸೇರಿಸುತ್ತೇನೆ. ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥಕ್ಕೆ ಹೋಗಿದ್ದೀರಾ? ಸಾವಿರಾರು ನಾಗರಕಲ್ಲು. ಒಂದೊಂದೂ ಒಂದೊಂದು ಮನೆಯ ಹರಕೆ. ಅದೇ ಜಾಗದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹುತಾತ್ಮರ ಸ್ಮಾರಕವೂ ಅಲ್ಲೇ ಇದೆ.

ನಮ್ಮ ಮನೆಯ ನಾಗರಕಲ್ಲು ಅಲ್ಲಿದೆ, ನಾನು ಹುಟ್ಟಿದ್ದಕ್ಕೆ ಇಟ್ಟದ್ದು. ಅಜ್ಜಿ ಪ್ರತಿ ಸಲ ಮೊದಲು ನಾಗಪ್ಪನಿಗೆ ಹಾಲು ಹಾಕಿ, ಆಮೇಲೆ ಅದೇ ಹೂವಿನಲ್ಲಿ ಒಂದಿಷ್ಟು ಉಳಿಸಿಕೊಂಡು ಸ್ಮಾರಕಕ್ಕೂ ಹಾಕುತ್ತಿದ್ದರು. ಒಂದು ದೇವರು, ಒಂದು ಸ್ಮಾರಕ ಅಂತ ಅವರು ಬೇರೆ ಮಾಡಿದ್ದನ್ನು ನಾನು ನೋಡಲಿಲ್ಲ. ಗುಂಡೇಟಿನ ದಿನ ಏನಾಯಿತು ಅನ್ನುವುದು ಮಾತ್ರ ಅವರಿಗೆ ಪೂರ್ತಿ ಗೊತ್ತಿತ್ತು, ನಮಗೆಲ್ಲ ಹೇಳುತ್ತಿದ್ದರು.

ಹೊಂಗೆನೆರಳು:

ಇಷ್ಟೊಂದು ಜನ ಮನಸ್ಸಿಟ್ಟು ಬರೆದಿದ್ದೀರಿ, ಏನು ಹೇಳಬೇಕೋ ತಿಳಿಯುತ್ತಿಲ್ಲ. ಆತಕೂರಿನ ನಾಯಿಯ ಕಥೆಯನ್ನು ಅಮ್ಮನಿಗೆ ಹೇಳಿದೆ. ಪೂರ್ತಿ ಕೇಳಿದರು. "ದನಕ್ಕೋಸ್ಕರ ಸತ್ತವನಾ? ಹಾಗಾದರೆ ಸರಿಯಾಗೇ ಇದೆ" ಅಂದರು. ಈಗ ಮೊದಲಿಗಿಂತ ಜಾಸ್ತಿ ಹೊತ್ತು ಅಲ್ಲಿ ಕೂರುತ್ತಾರೆ. ಅವನಿಗೆ ಮದುವೆಯಾಗಿತ್ತಾ, ಎಷ್ಟು ವಯಸ್ಸು ಅಂತೆಲ್ಲ ನನ್ನನ್ನು ಕೇಳುತ್ತಾರೆ.

ಭಾನುವಾರ ಊರಿನವರು ಸೇರಿದ್ದೆವು. ಟೈಲ್ಸ್ ಮತ್ತು ಬಣ್ಣ ಬೇಡ ಅಂತ ಗುಡಿಯವರು ಒಪ್ಪಿದರು, ನೆರಳಿಗೆ ಒಂದು ಸಾದಾ ಚಪ್ಪರ ಮಾಡಿಸುತ್ತಾರಂತೆ. ಎಣ್ಣೆಯ ಬಗ್ಗೆ ಇನ್ನೂ ಜಗ್ಗಾಟ ನಡೆದಿದೆ. ಕಲ್ಲಿನ ಮುಂದೆ ಬೇರೆ ಒಂದು ಹಾಸುಗಲ್ಲು ಹಾಕಿ ಹಾಲು ಎಣ್ಣೆ ಅದರ ಮೇಲೆ ಅಂತ ಹಿರಿಯರೊಬ್ಬರು ಸೂಚಿಸಿದ್ದಾರೆ. ಹುಡುಗರು ಬೋರ್ಡ್ ಬರೆಸುತ್ತೇವೆ ಅಂತಿದ್ದಾರೆ. ಏನು ಬರೆಸಬೇಕು? ಕಲ್ಲಿನ ಕಾಳಜಿಗೆ ಇನ್ನೇನು ಮಾಡಬೇಕು?

ಕಲ್ಲೋದು:

ಹಾಸುಗಲ್ಲಿನ ಯೋಚನೆ ಬಹಳ ಒಳ್ಳೆಯದು, ಹಾಗೇ ಮಾಡಿ. ಜಿಡ್ಡು ತೆಗೆಯಲು ಆ್ಯಸಿಡ್, ಸೋಪಿನ ಪುಡಿ, ತಂತಿ ಬ್ರಷ್ ಯಾವುದೂ ಬೇಡ. ಬುಡಕ್ಕೆ ಸಿಮೆಂಟ್ ಹಾಕಬೇಡಿ. ಕಲ್ಲನ್ನು ಜಾಗದಿಂದ ಕದಲಿಸಬೇಡಿ. ಕೆಲಸ ಶುರುವಾಗುವ ಮೊದಲು ರಾಜ್ಯ ಪುರಾತತ್ವ ಇಲಾಖೆಗೆ ಒಂದು ಪತ್ರ ಬರೆದು ಫೋಟೋ ಲಗತ್ತಿಸಿ. ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ ಹಳೆಯ 12ನೇ ಸಂಪುಟ ತುಮಕೂರು ಜಿಲ್ಲೆಯದು, ಬಿ.ಎಲ್. ರೈಸ್ ಅವರು ಮಾಡಿಸಿದ್ದು. ಅದರಲ್ಲಿ ತಿಪಟೂರು ತಾಲೂಕಿನ ಭಾಗದಲ್ಲಿ ನಿಮ್ಮೂರಿನ ಹೆಸರು ಹುಡುಕಿ. ನೂರು ವರ್ಷಕ್ಕಿಂತ ಹಿಂದೆ ಓದಿದಾಗ ಹೆಸರಿನ ಜಾಗ ಇನ್ನೂ ಸವೆದಿರಲಿಲ್ಲ ಅನ್ನುವ ಸಾಧ್ಯತೆ ಇದೆ. ಸಿಕ್ಕರೆ ಅಮ್ಮನ ಒಂದು ಪ್ರಶ್ನೆಗಾದರೂ ಉತ್ತರ ಸಿಕ್ಕೀತು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ತ್ರಿಡಿ ಸ್ಕ್ಯಾನ್ ಮಾಡುತ್ತಿದ್ದಾರೆ, ಕಣ್ಣಿಗೆ ಕಾಣದ ಅಕ್ಷರಗಳೂ ಅದರಲ್ಲಿ ಎಷ್ಟೋ ಸಲ ಎದ್ದು ಬರುತ್ತವೆ. ಅವರನ್ನೂ ಕೇಳಿ ನೋಡಿ.

ಬೋರ್ಡಿನಲ್ಲಿ ಗೊತ್ತಿರುವುದಷ್ಟೇ ಬರೆಸಿ. ರಾಜನ ಹೆಸರು, ಶತಮಾನ ಅಂತ ಊಹೆ ಸೇರಿಸಬೇಡಿ. ಊರವರು ವೀರಪ್ಪ ಅಂತ ಕರೆಯುತ್ತಾರೆ, ಗಿಣ್ಣು ಇಡುತ್ತಾರೆ ಅನ್ನುವುದನ್ನೂ ಬರೆಸಿ. ಅದೂ ಈ ಕಲ್ಲಿನ ಚರಿತ್ರೆಯೇ.

ತುಂಗೆಮಗಳು:

ನಾನೂ ಬೋರ್ಡಿನ ಯೋಚನೆ ಎತ್ತಿಕೊಂಡೆ. ಅಜ್ಜಿಯ ಊರಿನ ಪಂಚಾಯಿತಿ ಸದಸ್ಯೆಯೊಬ್ಬರ ಹತ್ತಿರ ಮಾತಾಡಿದೆ. ಮೊದಲು ಹೆದರಿದರು, ಆಮೇಲೆ ನೀವೇ ಬರೆದುಕೊಡಿ ಸಭೆಯಲ್ಲಿ ಇಡೋಣ ಅಂದರು. ನಾನು ಬರೆದದ್ದು ಇದು, ತಿದ್ದುವುದಿದ್ದರೆ ಹೇಳಿ:

"ಇದು ಮಾಸ್ತಿಕಲ್ಲು. ಗಂಡ ಸತ್ತ ಮೇಲೆ ಬೆಂಕಿಯಲ್ಲಿ ಜೀವ ಕಳೆದುಕೊಂಡ ಒಬ್ಬ ಹೆಂಗಸಿನ ನೆನಪಿಗೆ ನಿಲ್ಲಿಸಿದ್ದು. ಅವಳ ಹೆಸರು ಕಲ್ಲಿನ ಮೇಲೆ ಇಲ್ಲ. ಈ ಊರಿನ ಹೆಣ್ಣುಮಕ್ಕಳು ತಲೆಮಾರುಗಳಿಂದ ಇಲ್ಲಿಗೆ ಬಂದು ಬಳೆ ಇಟ್ಟಿದ್ದಾರೆ. ಇಂಥ ಸಾವು ಇನ್ನು ಯಾರಿಗೂ ಬರಬಾರದು."

ನೆರಳುಬೆಳಕು:

ಒಂದಕ್ಷರವೂ ತಿದ್ದಬೇಡಿ. ಕೊನೆಯ ಸಾಲನ್ನು ತೆಗೆಯಿರಿ ಅಂತ ಸಭೆಯಲ್ಲಿ ಖಂಡಿತ ಯಾರಾದರೂ ಹೇಳುತ್ತಾರೆ, ಒಪ್ಪಬೇಡಿ. ಸಭೆ ಯಾವತ್ತು ಅಂತ ತಿಳಿಸಿ, ನಾನೂ ಬರುತ್ತೇನೆ. ಮಕ್ಕಳು ಬರೆದ ಕೈಯ ಚಿತ್ರಗಳನ್ನೂ ತರುತ್ತೇನೆ.